ಕತ್ತಿಯ ತುದಿಗೆ ಇಟ್ಟ ಕುಂಕುಮ

ನನ್ನ ಗಂಡ ಕತ್ತಿವರಸೆಯಲ್ಲಿ ಚಾಂಪಿಯನ್. ಈ ಮಾತನ್ನು ಇಪ್ಪತ್ತೈದು ವರ್ಷದಲ್ಲಿ ನಾನು ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ನೆನಪಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಕೂಟಗಲ್ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಸೊಪ್ಪಿನವಳಿಗೆ ಹೇಳಿದ್ದೇನೆ, ಒಂದು ಸಲ ಹಲ್ಲು ಕೀಳುವ ಡಾಕ್ಟರಿಗೂ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಹೇಳಿದ್ದೇನೆ. ಒಂದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಅವರು ಆಡಿದ್ದನ್ನು ನಾನು ಒಂದು ದಿನವೂ ಕಣ್ಣಾರೆ ನೋಡಿರಲಿಲ್ಲ.

ನಾನು ಮಾಗಡಿಯವಳು. ನನ್ನನ್ನು ನೋಡಲು ಬಂದ ದಿನ ಅವರ ಹೆಗಲಲ್ಲಿ ಉದ್ದನೆಯದೊಂದು ಚೀಲವಿತ್ತು. ಬೆಂಗಳೂರಿನಲ್ಲಿ ಅಭ್ಯಾಸ ಮುಗಿಸಿ ನೇರ ಬಂದಿದ್ದರಂತೆ. ಚೀಲವನ್ನು ಪಡಸಾಲೆಯ ಮೂಲೆಗೆ ಒರಗಿಸಿ ಸಾಧುಪ್ರಾಣಿಯ ಹಾಗೆ ಚಾಪೆಯ ಮೇಲೆ ಕೂತರು. ನಮ್ಮಜ್ಜಿಗೆ ಹುಡುಗನಿಗಿಂತ ಚೀಲದ ಮೇಲೇ ಕಣ್ಣು. ಉಪ್ಪಿಟ್ಟಿನ ತಟ್ಟೆ ಕೈಗೆ ಕೊಡುತ್ತಾ ಕೇಳಿಯೇಬಿಟ್ಟಳು.

"ಅದೇನಪ್ಪಾ ಅದು, ತಂಬೂರಿನಾ?"

"ಅಲ್ಲಜ್ಜಿ, ಕತ್ತಿ."

ನಮ್ಮಪ್ಪ ಕಾಫಿ ಲೋಟವನ್ನು ಕೆಳಗಿಟ್ಟರು.

"ಹೆದ್ರಬ್ಯಾಡಿ," ಎಂದರು ಇವರು. "ಇದು ಕುಯ್ಯಾಕಿಲ್ಲ. ಬರೀ ತಾಕ್ತದೆ."

"ಕುಯ್ಯದೆ ಇರೋ ಕತ್ತೀನ ಯಾಕಪ್ಪಾ ಊರೂರು ಹೊತ್ಕಂಡು ತಿರುಗ್ತೀಯಾ?" ಎಂದಳು ಅಜ್ಜಿ. ಒಳಗೆ ಬಾಗಿಲ ಹಿಂದೆ ನಿಂತಿದ್ದ ನಾನು ಕಿಸಕ್ಕನೆ ನಕ್ಕುಬಿಟ್ಟೆ. ಆ ನಗು ಕೇಳಿ ಅವರೂ ನಕ್ಕರು. ನಮ್ಮಿಬ್ಬರ ಮದುವೆ ನಿಶ್ಚಯವಾದದ್ದು ಅಲ್ಲಿಗೇ, ಉಳಿದದ್ದು ದೊಡ್ಡವರ ಶಾಸ್ತ್ರ.

ಅವರು ಸೈನ್ಯಕ್ಕೆ ಸೇರಿದ್ದು ಹದಿನೆಂಟಕ್ಕೆ. ಉದ್ದುದ್ದ ತೋಳು ನೋಡಿ ಅಲ್ಲಿನ ಗುರುಗಳೊಬ್ಬರು ಕೈಗೆ ಕತ್ತಿ ಕೊಟ್ಟರಂತೆ. ನಾಲ್ಕೈದು ವರ್ಷದಲ್ಲಿ ಸೈನ್ಯದವರ ಪೈಕಿ ಮೊದಲಿಗರಾದರು, ಆಮೇಲೆ ದೇಶಕ್ಕೇ ಮೊದಲಿಗರಾಗಿ ಚಿನ್ನದ ಪದಕ ತಂದರು. ಆಟ ತಿಳಿಯುವುದು ಸುಲಭ. ಕತ್ತಿಯ ತುದಿಯಲ್ಲಿ ಸ್ಪ್ರಿಂಗ್ ಇರುವ ಪುಟ್ಟದೊಂದು ಗುಂಡಿ ಇರುತ್ತದೆ. ಅದು ಎದುರಾಳಿಯ ಮೈಮೇಲೆ ಎಲ್ಲೇ ಒತ್ತಿದರೂ ದೀಪ ಹತ್ತಿಕೊಳ್ಳುತ್ತದೆ. ಯಾರದ್ದು ಮೊದಲು ತಾಕಿತೋ ಅವರಿಗೆ ಅಂಕ. ಆದರೆ ಅವರ ಗುರುಗಳು ದೀಪಕ್ಕಿಂತ ಮೇಲಿನದೊಂದು ಪದ್ಧತಿ ಹೇಳಿಕೊಟ್ಟಿದ್ದರು. ತಾಕಿಸಿಕೊಂಡವನು ದೀಪಕ್ಕೆ ಕಾಯಬಾರದು. ಕತ್ತಿ ಹಿಡಿಯದ ಕೈಯನ್ನು ಮೇಲೆತ್ತಿ, ತಾನೇ "ತಾಕ್ತು" ಎಂದು ಒಪ್ಪಿಕೊಳ್ಳಬೇಕು.

ಈ ಪದ್ಧತಿ ಮದುವೆಯಾದ ವಾರಕ್ಕೇ ರಾಮನಗರದ ನಮ್ಮ ಅಡುಗೆಮನೆಗೆ ಬಂತು. ಮುದ್ದೆ ತೊಳಸುವ ಕೋಲು ನನ್ನ ಕೈಗೆ ಕೊಟ್ಟು, ತಾವು ಒಂದು ಸೌಟು ಹಿಡಿದು, ಕಾಲು ಹೀಗಿಡು, ಮೊಣಕಾಲು ಹೀಗೆ ಮಡಚು ಎಂದು ಪಾಠ. ನಾನು ಒಂದೇ ಒಂದು ಸಲ ಅವರ ಹೊಟ್ಟೆಗೆ ಸರಿಯಾಗಿ ತಿವಿದೆ. ತಕ್ಷಣ ಎಡಗೈ ಎತ್ತಿ "ತಾಕ್ತು" ಎಂದರು. ಒಳಗೆ ಬಂದ ಅತ್ತೆ, ಮಗ ಕೈ ಎತ್ತಿ ನಿಂತಿರುವುದನ್ನೂ ಸೊಸೆ ಕೋಲು ಹಿಡಿದಿರುವುದನ್ನೂ ನೋಡಿ, ಬಂದ ಹಾಗೇ ಹಿಂದಕ್ಕೆ ಹೋದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಜಗಳ ಮುಗಿಯುವುದೇ ಹೀಗೆ. ತಪ್ಪು ಯಾರದೋ ಅವರು ಕೈ ಎತ್ತಿ "ತಾಕ್ತು" ಅನ್ನಬೇಕು. ಅನ್ನುವವರೆಗೆ ಕಾಫಿ ಇಲ್ಲ.

ಮದುವೆಗೆಂದು ಬಂದಿದ್ದ ಆ ರಜೆಯಲ್ಲೇ ಬೆಂಗಳೂರಿನಲ್ಲಿ ಒಂದು ದೊಡ್ಡ ಪಂದ್ಯವಿತ್ತು. ಫೈನಲಿನಲ್ಲಿ ಎದುರಾಳಿ ಕನಕಪುರದವರು, ಪೊಲೀಸ್ ಇಲಾಖೆಯಲ್ಲಿದ್ದವರು. ಹಿಂದೆ ಎರಡು ಸಲ ಇವರ ಕೈಯಲ್ಲಿ ಸೋತಿದ್ದರು. ಮೂರನೆಯದಕ್ಕೆ ಹಲ್ಲು ಕಚ್ಚಿ ಕಾಯುತ್ತಿದ್ದರು. ನಾನು ನೋಡಲು ಹೋಗಬೇಕೆಂದು ಹಸಿರು ರೇಷ್ಮೆ ಸೀರೆಯನ್ನು ಹಿಂದಿನ ದಿನವೇ ಮಡಿಕೆ ಮಾಡಿ ಇಟ್ಟಿದ್ದೆ. ಬೆಳಗ್ಗೆ ತಂತಿ ಬಂತು. ರಜೆ ರದ್ದು, ಕೂಡಲೇ ಹೊರಡಬೇಕು. ಉತ್ತರದ ಹಿಮದ ಬೆಟ್ಟಗಳಲ್ಲಿ ಯುದ್ಧ ಶುರುವಾಗಿತ್ತು. ಅವರು ಬೂಟಿನ ಲೇಸು ಕಟ್ಟಿಕೊಳ್ಳುತ್ತಾ "ಬಂದ್ಮೇಲೆ ಆಡ್ತೀನಿ, ಸೀರೆ ಹಂಗೇ ಇಟ್ಟಿರು" ಎಂದರು. ನಾನು ಹಾಗೇ ಇಟ್ಟೆ.

ಬಂದರು. ಬಂದರಲ್ಲ, ಅದೇ ನನಗೆ ದೊಡ್ಡದು. ಬಲಗೈ ಮಣಿಕಟ್ಟಿನೊಳಗೆ ಷೆಲ್ಲಿನ ಚೂರು ಹೊಕ್ಕು ನರ ಕತ್ತರಿಸಿತ್ತು. ಕಿರುಬೆರಳು, ಉಂಗುರದ ಬೆರಳು ಎರಡೂ ನೆಟ್ಟಗೆ ನಿಂತುಬಿಟ್ಟಿದ್ದವು, ಮಡಚುತ್ತಿರಲಿಲ್ಲ. ಕತ್ತಿ ಹಿಡಿಯುವುದು ಒತ್ತಟ್ಟಿಗಿರಲಿ, ತುತ್ತು ಕಟ್ಟುವುದಕ್ಕೂ ಕಷ್ಟ. ಎಡಗೈಯಲ್ಲಿ ಮುದ್ದೆ ಮುರಿಯಲು ಅತ್ತೆ ಒಪ್ಪದೆ, ಮೊದಲ ಮೂರು ತಿಂಗಳು ತಾವೇ ಉಣ್ಣಿಸಿದರು. ಆಮೇಲೆ ಅವರಿಗೇ ಸಾಕಾಗಿ, "ಎಡಗೈಯೋ ಬಲಗೈಯೋ, ನೀನೇ ತಿನ್ನಪ್ಪಾ" ಎಂದು ಕೈತೊಳೆದುಕೊಂಡರು.

ಸೈನ್ಯದಿಂದ ಬಿಡುಗಡೆಯಾಗಿ ಅವರು ಮನೆತನದ ಗ್ರಂಧಿಗೆ ಅಂಗಡಿಯಲ್ಲಿ ಕೂತರು. ಅರಿಶಿನ, ಕುಂಕುಮ, ವಿಭೂತಿಗಟ್ಟಿ, ಕರ್ಪೂರ, ಊದುಬತ್ತಿ. ಬೇಸರವಿಲ್ಲದೆ ಮಾಡಿದರು. ಗಿರಾಕಿಗಳನ್ನು ನಗಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಎಡಗೈಯಲ್ಲೇ ಬರೆದರು, ಎಡಗೈಯಲ್ಲೇ ಪೊಟ್ಟಣ ಕಟ್ಟಿದರು. ಒಂದು ಕೈಯಲ್ಲಿ ದಾರ ಸುತ್ತಿ ಫಟ್ಟನೆ ಹರಿಯುವುದನ್ನು ನೋಡಲೆಂದೇ ಕೆಲವರು ಬರುತ್ತಿದ್ದರು. ಬಲಗೈ ಮಾತ್ರ ಸದಾ ಪ್ಯಾಂಟಿನ ಜೇಬಿನಲ್ಲಿ. ಹಬ್ಬದ ಫೋಟೋದಲ್ಲೂ ಜೇಬಿನಲ್ಲಿ, ನೆಂಟರ ಮದುವೆಯಲ್ಲೂ ಜೇಬಿನಲ್ಲಿ. ಒಮ್ಮೆ ನಾನು ರೇಗಿ ಯಾಕೆಂದು ಕೇಳಿದ್ದಕ್ಕೆ ಹೇಳಿದರು: "ಕೈ ತೋರ್ಸುದ್ರೆ ಜನ ಕತೆ ಕೇಳ್ತಾರೆ ಕಣೆ. ಕತೆ ಹೇಳುದ್ರೆ ಬೆಟ್ಟದಿಂದ ವಾಪಸ್ ಬರ್ದೆ ಇದ್ದೋರೆಲ್ಲ ನೆಪ್ಪಾಯ್ತಾರೆ." ಆ ದಿನ ನಾನೇ ಕೈ ಎತ್ತಿ "ತಾಕ್ತು" ಎಂದೆ. ಮತ್ತೆ ಕೇಳಲಿಲ್ಲ.

ಕತ್ತಿಯ ಚೀಲ ಅಟ್ಟ ಸೇರಿತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅತ್ತೆ ಅದನ್ನು ಇಳಿಸಿ, ಕತ್ತಿಗೆ ವಿಭೂತಿ ಬಳಿದು ಕುಂಕುಮ ಇಟ್ಟು, ತಕ್ಕಡಿ, ಕತ್ತರಿ, ಸ್ಕೂಟರಿನ ಜೊತೆ ಅದಕ್ಕೂ ಆರತಿ ಎತ್ತುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಇವರಿಗೆ ಪೇಟೆಯಲ್ಲಿ ಏನಾದರೊಂದು ಕೆಲಸ. ನಾನೂ ಅಡುಗೆಮನೆಯಲ್ಲಿ ಇದ್ದುಬಿಡುತ್ತಿದ್ದೆ. ಅತ್ತೆಯ ಈ ಪೂಜೆ ನನಗೆ ತಮಾಷೆ. ಓದಿದವಳಲ್ಲವೇ, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು! ಈ ಜಂಬ ಮುಂದೆ ನನಗೆ ದುಬಾರಿಯಾಯಿತು.

ಹೋದ ವರ್ಷ ಬೇಸಿಗೆಯಲ್ಲಿ ಕನಕಪುರದಿಂದ ಫೋನು ಬಂತು. ಅದೇ ಎದುರಾಳಿ. ನಿವೃತ್ತಿಯಾಗಿ ಊರಿಗೆ ಬಂದು, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಕತ್ತಿವರಸೆ ಕಲಿಸಲು ಆಟದ ಹಾಲೊಂದನ್ನು ಕಟ್ಟಿಸಿದ್ದರು. ಫೋನಿನಿಂದ ಅವರ ಧ್ವನಿ ಅಂಗಡಿಯ ಆಚೆಗೂ ಕೇಳುತ್ತಿತ್ತು.

"ಲೇ, ಹಾಲು ಶುರು ಮಾಡೋ ದಿನ ನಮ್ಮಿಬ್ರದ್ದೊಂದು ಆಟ ಐತೆ ಕಣ್ಲಾ. ಬಾಕಿ ಉಳ್ಕಂಡೈತಲ್ಲಾ, ಅದು."

"ನನ್ನ ಕೈ ಓಯ್ತಲ್ಲೋ."

"ಇನ್ನೊಂದೈತಲ್ಲ, ಅದೇನ್ ಮಾಡ್ತಾ ಐತೆ?"

"ಪೊಟ್ಣ ಕಟ್ತಾ ಐತೆ," ಎಂದು ನಕ್ಕು ಫೋನಿಟ್ಟರು. ಬರುವುದಿಲ್ಲ ಎಂದೂ ಹೇಳಿಬಿಟ್ಟಿದ್ದರು. ಆ ದಿನವೆಲ್ಲ ನಾನು ಅವರಿಗೆ ಕಾಫಿ ಕೊಡಲಿಲ್ಲ. ಅವರ ಮೇಲಿನ ಸಿಟ್ಟಿಗಿಂತ ನನ್ನ ಸ್ವಾರ್ಥ ಅದರಲ್ಲಿ ಹೆಚ್ಚಿತ್ತು, ಒಪ್ಪುತ್ತೇನೆ. ನೋಡಬೇಕು ಅನ್ನುವ ಆಸೆ ನನ್ನದು. ಪೆಟ್ಟಿಗೆಯಲ್ಲಿ ಹಸಿರು ಸೀರೆ ಹಾಗೇ ಇತ್ತು.

ಇದಾಗಿ ಹತ್ತು ದಿನಕ್ಕೆ ಅತ್ತೆ ಹೊಸ ಗಾಬರಿ ತಂದರು. ಅಂಗಡಿಯ ಬಾಗಿಲಿಗೆ ದೃಷ್ಟಿಗೆಂದು ಮೆಣಸಿನಕಾಯಿಯ ಜೊತೆ ನಿಂಬೆಹಣ್ಣು ಕಟ್ಟುತ್ತೇವಷ್ಟೆ. ಅದರ ಮೈತುಂಬ ಸಣ್ಣ ಸಣ್ಣ ತೂತು! ಬದಲಾಯಿಸಿದರು, ಮರುದಿನ ಅದಕ್ಕೂ ತೂತು.

"ಯಾರೋ ಮಾಟ ಮಾಡ್ತಾವ್ರೆ ಕಣವ್ವಾ," ಎಂದರು ಅತ್ತೆ, ಎಂಬತ್ತು ದಾಟಿದ ಕಣ್ಣನ್ನು ಅಗಲ ಮಾಡಿ. "ಸೂಜಿ ಚುಚ್ಚವ್ರೆ ನೋಡು. ಒಂದಲ್ಲ, ಇಪ್ಪತ್ತು!"

ವಿಜ್ಞಾನದವಳು ನಾನು ಹುಳದ ಕಾಟ ಎಂದು ವಾದಿಸಿದೆ. ಅತ್ತೆ ಒಪ್ಪಲಿಲ್ಲ. ಕೊನೆಗೆ ಹುಳವೋ ಮಾಟವೋ ನೋಡೇಬಿಡೋಣ ಎಂದು, ಒಂದು ದಿನ ಬೆಳಗ್ಗೆ ಇವರು ಅಂಗಡಿ ತೆರೆಯಲು ಹೋದ ಹಿಂದೆಯೇ ನಾನೂ ಹೋದೆ. ಷಟರ್ ಅರ್ಧ ಎತ್ತಿತ್ತು. ಬಗ್ಗಿ ನೋಡಿದೆ. ನಿಂಬೆಹಣ್ಣನ್ನು ಬಾಗಿಲಿಂದ ಬಿಚ್ಚಿ ಒಳಗೆ ಸೂರಿನಿಂದ ಇಳಿಬಿಟ್ಟಿದ್ದಾರೆ. ಎಡಗೈಯಲ್ಲಿ ದಬ್ಬಳ ಕಟ್ಟಿದ ಉದ್ದನೆಯ ಕಡ್ಡಿ. ಮೊಣಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಮುಂದೆ ಹಾರಿ ಚುಚ್ಚುತ್ತಾರೆ, ಹಿಂದೆ ಸರಿಯುತ್ತಾರೆ. ಐವತ್ತು ದಾಟಿದ ಮನುಷ್ಯ, ವಿಭೂತಿಗಟ್ಟಿಯ ಮೂಟೆಗಳ ನಡುವೆ. ಹಣ್ಣು ತೂಗಾಡುತ್ತಿದ್ದರೂ ಹತ್ತಕ್ಕೆ ಏಳು ಸಲ ತಾಕುತ್ತಿತ್ತು.

"ಓಹೋ, ಮಾಟಗಾರರು ಇಲ್ಲೇ ಇದೀರಾ!" ಎಂದೆ.

ಕಡ್ಡಿ ಕೆಳಗೆ ಬಿತ್ತು. ಕಳ್ಳನ ಹಾಗೆ ಸಿಕ್ಕಿಬಿದ್ದ ಮುಖ. "ಸುಮ್ನೆ ಕಣೆ. ಒಸಿ ಮೈ ಸಡಿಲ ಆಗ್ಲಿ ಅಂತ."

"ಕನಕಪುರಕ್ಕೆ ಫೋನ್ ಮಾಡ್ತೀರೋ, ನಾನು ಮಾಡ್ಲೋ?"

ಬಿದ್ದ ಕಡ್ಡಿಯನ್ನು ಎತ್ತಿ ಮೂಲೆಗಿಟ್ಟರು. "ಎಡಗೈಲಿ ಆಡುದ್ರೆ ಬಲಗೈ ಹಿಂದ್ಕೆ, ಎಲ್ರಿಗೂ ಕಾಣಂಗೆ ಇರ್ತದೆ," ಎಂದರು. "ತಾಕ್ದಾಗ ಎತ್ತಬೇಕಾದ್ದೂ ಅದನ್ನೇ." ಅವರಿಗೆ ಸೋಲುವ ಅಂಜಿಕೆ ಇರಲೇ ಇಲ್ಲ. ಅಂಜಿಕೆ ಆ ಕೈಯನ್ನು ಜನರ ಮುಂದೆ ಎತ್ತುವುದಕ್ಕೆ. ಆದರೂ ಬಿಡಲಿಲ್ಲ. "ಹಾಗಾದ್ರೆ ತಾಕಿಸ್ಕೊಳ್ಳದ ಹಾಗೆ ಆಡಿ," ಎಂದೆ. ಅದಕ್ಕೆ ನಕ್ಕರು. ಫೋನು ಅವರೇ ಮಾಡಿದರು.

ಆಮೇಲಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಹಬ್ಬ. ದಿನಾ ಬೆಳಗ್ಗೆ ತಾರಸಿಯ ಮೇಲೆ ಅವರು, ನಾನು, ಮುದ್ದೆ ಕೋಲು. ನಾನು ಎದುರಾಳಿ. ಮೈತುಂಬ ದಿಂಬು ಕಟ್ಟಿಕೊಂಡು ನಿಂತ ಮೇಷ್ಟ್ರಮ್ಮನನ್ನು ಪಕ್ಕದ ಮನೆಯವರು ಬಟ್ಟೆ ಒಣಗಿಸುವ ನೆಪದಲ್ಲಿ ನೋಡಿ ನೋಡಿ ಇಳಿಯುತ್ತಿದ್ದರು. ಅತ್ತೆ ಮಾತ್ರ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು, "ಯಾರು ಗೆದ್ರು?" ಎಂದು ಕೂಗುವರು. ನಾನು ಗೆದ್ದೆ ಎಂದರೆ ಅವರಿಗೆ ಸಂತೋಷ. ಅದು ಯಾಕೋ ಇವತ್ತಿಗೂ ಗೊತ್ತಿಲ್ಲ.

ಹಳೆಯ ಕತ್ತಿ ತುಕ್ಕು ಹಿಡಿದಿತ್ತು. "ಅದನ್ನ ತಂದ್ರೆ ನಿನಗಿಂತ ಮುಂಚೆ ಅದೇ ಮುರ್ಕೊಂಡು ಬೀಳ್ತದೆ ಕಣ್ಲಾ" ಎಂದು ಕನಕಪುರದವರು ಹೊಸ ಅಲಗು ಕಳಿಸಿಕೊಟ್ಟರು. ಈಗಿನ ಹಿಡಿಗಳು ಬೆರಳಿನ ಆಕಾರಕ್ಕೆ ತಿರುವಿರುತ್ತವೆ, ಎಡಗೈಯವರಿಗೆ ಬೇರೆಯೇ ಬೇಕು. ಇವರಿಗೆ ಹಳೆಯ ಕಾಲದ ನೇರ ಹಿಡಿಯೇ ಆಗಬೇಕಿತ್ತು. ಅದಕ್ಕೆ ಚನ್ನಪಟ್ಟಣಕ್ಕೆ ಹೋಗಿ, ಗೊಂಬೆ ಮಾಡುವ ಪರಿಚಯದವರೊಬ್ಬರಿಗೆ ಅಳತೆ ಕೊಟ್ಟು ಬಂದರು. ಬಣ್ಣ ಬೇಡ, ಕೈ ಜಾರುತ್ತದೆ ಎಂದು ನಾಲ್ಕು ಸಲ ಹೇಳಿದ್ದರು. ತರಲು ಹೋದಾಗ ನಾನೂ ಜೊತೆಗಿದ್ದೆ. ಹಾಲೆಮರದ ಹಿಡಿ, ನುಣ್ಣಗೆ, ಅಳತೆಗೆ ಕೂದಲೆಳೆ ವ್ಯತ್ಯಾಸವಿಲ್ಲ. ಬುಡದಲ್ಲಿ ಮಾತ್ರ ಕೆಂಪು, ಹಳದಿ, ಹಸಿರು ಮೂರು ಅರಗಿನ ಬಳೆ.

"ಬಣ್ಣ ಬ್ಯಾಡ ಅಂದಿದ್ನಲ್ಲಣ್ಣ?"

"ಹಿಡಿಯೋ ಜಾಗಕ್ಕೆ ಹಾಕಿಲ್ಲ ಕಣಪ್ಪ. ಬೋಳಾಗಿ ಹೆಂಗ್ ಕಳ್ಸ್ಲಿ? ನಮ್ ಚಕ್ರದಿಂದ ಇದುವರ್ಗೂ ಬೋಳು ಸಾಮಾನು ಆಚೆ ಹೋಗಿಲ್ಲ."

ಬರುವ ದಾರಿಯುದ್ದಕ್ಕೂ ಇವರು ಆ ಮೂರು ಬಳೆಗಳನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದರು.

ಪಂದ್ಯದ ದಿನ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದೆ. ಸೀರೆಗೆ ಏನೂ ಆಗಿರಲಿಲ್ಲ, ಕುಪ್ಪಸಕ್ಕೆ ಮಾತ್ರ ನಾನು ಹಿಡಿಸಲಿಲ್ಲ. ಬೇರೆ ಕುಪ್ಪಸ ತೊಟ್ಟು, ಸೆರಗಿಗೆ ಪಿನ್ನು ಚುಚ್ಚಿಕೊಂಡೆ. ಅತ್ತೆಗೆ ಮಂಡಿ ನೋವು, ಬರಲಾರರು. ಮಗನ ಹಣೆಗೆ ವಿಭೂತಿ ಎಳೆದು ಹರಸಿದರು. ಮಗ ಬೀದಿಗೆ ಇಳಿದ ಮೇಲೆ ನನ್ನ ಕೈಗೊಂದು ಕುಂಕುಮದ ಪೊಟ್ಟಣ ತುರುಕಿದರು.

"ಆಟಕ್ಕೆ ಎದ್ದೇಳೋ ಮುಂಚೆ ಕತ್ತಿಗೆ ಇಕ್ಬುಡವ್ವಾ. ಒಸಿ ಎಣ್ಣೆ ಹಾಕಿ ಕಲ್ಸಿವ್ನಿ, ಉದುರಾಕಿಲ್ಲ. ಅವನ್ಗೆ ಹೇಳಬ್ಯಾಡ, ಬೈತಾನೆ."

ಕನಕಪುರದ ಬಸ್ಸಿನಲ್ಲಿ ಆ ಪೊಟ್ಟಣ ನನ್ನ ಪರ್ಸಿನಲ್ಲಿ ಬೆಚ್ಚಗೆ ಕೂತಿತ್ತು. ಇಡಬೇಕೋ ಬೇಡವೋ ಎಂದು ದಾರಿಯೆಲ್ಲ ಯೋಚಿಸಿದೆ. ಇಪ್ಪತ್ತೈದು ವರ್ಷ ಅತ್ತೆಯನ್ನು ನೋಡಿ ಮನಸ್ಸಿನಲ್ಲೇ ನಕ್ಕವಳು ನಾನು. ಆದರೆ ಹಾಲಿನೊಳಗೆ ಕಾಲಿಟ್ಟು, ತುಂಬಿದ ಬೆಂಚುಗಳನ್ನೂ, ನಡುವೆ ಹಾಸಿದ ಉದ್ದನೆಯ ಪಟ್ಟಿಯನ್ನೂ, ಅದರ ಪಕ್ಕದ ಕೆಂಪು ಹಸಿರು ದೀಪಗಳನ್ನೂ ನೋಡಿದ ಕೂಡಲೇ ವಿಜ್ಞಾನವೆಲ್ಲ ಬಸ್ ಸ್ಟ್ಯಾಂಡಿಗೆ ವಾಪಸ್ ಹೋಯಿತು. ಕತ್ತಿಗಳ ಪರೀಕ್ಷೆ ಮುಗಿಸಿ ಇವರದನ್ನು ಬೆಂಚಿನ ಮೇಲೆ ತಂದಿಟ್ಟರು. ಇವರು ಆ ಕಡೆ ತಿರುಗಿ ಬಿಳಿ ಜಾಕೆಟ್ಟಿನ ಜಿಪ್ಪು ಎಳೆದುಕೊಳ್ಳುತ್ತಿದ್ದರು. ಎಲ್ಲಿಗೆ ಇಡಲಿ? ಹಿಡಿಗಿಟ್ಟರೆ ಎಣ್ಣೆಗೆ ಕೈ ಜಾರೀತು. ಕೆಲಸ ಮಾಡುವುದು ತುದಿ ತಾನೇ! ಹೀಗೆ ತರ್ಕ ಮಾಡಿ ತುದಿಗೇ ಒಂದು ದಪ್ಪ ಬೊಟ್ಟು ಇಟ್ಟೆ. ಅಲ್ಲಿ ಸ್ಪ್ರಿಂಗಿನ ಗುಂಡಿ ಇದೆಯೆಂದು ನನಗಿಂತ ಚೆನ್ನಾಗಿ ಆ ಹಾಲಿನಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಗೊತ್ತಿದ್ದೂ ಇಟ್ಟೆ.

ಹತ್ತು ಅಂಕ ಮೊದಲು ಗಳಿಸಿದವರಿಗೆ ಗೆಲುವು. ಇಬ್ಬರೂ ಪಟ್ಟಿಯ ಮೇಲೆ ನಿಂತು ಕತ್ತಿಯೆತ್ತಿ ವಂದಿಸಿದರು. ಇವರು ಬಲಗೈಯನ್ನು ಬೆನ್ನ ಹಿಂದೆ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡಿದ್ದರು. ಕರಿ ಕೋಟಿನ ಹುಡುಗಿಯೊಬ್ಬಳು ತೀರ್ಪುಗಾರ್ತಿ. ಆಡಿ ಎಂದಳು. ಇವರು ಎರಡು ಹೆಜ್ಜೆ ಹಿಂದೆ ಸರಿದರು, ಕನಕಪುರದವರು ನುಗ್ಗಿದರು, ಇವರ ತೋಳು ಸರ್ರನೆ ಚಾಚಿತು, ದೀಪ ಹತ್ತಿತು. ಇಪ್ಪತ್ತೈದು ವರ್ಷ ಕಾದದ್ದು ಕಣ್ಣು ಮಿಟುಕಿಸುವುದರೊಳಗೆ ಆಗಿಹೋಯಿತು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ, ಅಷ್ಟರಲ್ಲಿ ಹಾಲಿನ ತುಂಬ ಹಾಹಾಕಾರ.

ಕನಕಪುರದವರ ಬೆಳ್ಳನೆಯ ಎದೆಯ ಮೇಲೆ ರಕ್ತ!

"ಅಯ್ಯೋ, ಚುಚ್ಬುಟ್ರಲ್ಲಪ್ಪಾ!" ಎಂದು ಒಬ್ಬಾಕೆ ಎದ್ದೇ ನಿಂತಳು. ಕನಕಪುರದವರು ಮುಖ ಮುಚ್ಚಿದ್ದ ತಂತಿಬಲೆ ತೆಗೆದು, ಎದೆ ಮುಟ್ಟಿ, ಬೆರಳು ಮೂಸಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು.

"ಏನ್ಲಾ ಇದು? ಆಡಕ್ಕೆ ಬಂದಿದ್ದೀಯೋ, ನಂಗೆ ಪೂಜೆ ಮಾಡಕ್ಕೆ ಬಂದಿದ್ದೀಯೋ?"

"ನಮ್ಮವ್ವನ ಕೆಲ್ಸ ಕಣ್ಲಾ," ಎಂದರು ಇವರು, ತಲೆ ಚಚ್ಚಿಕೊಂಡು. ತೀರ್ಪುಗಾರ್ತಿ ಬಟ್ಟೆ ತಂದು ತುದಿಯನ್ನು ಒರೆಸಿಕೊಟ್ಟಳು. ಇಡೀ ಹಾಲು ನಗುತ್ತಿತ್ತು. ನಾನೂ ನಕ್ಕೆ, ಆದರೆ ಬಾಯಿ ಬಿಡಲಿಲ್ಲ. ಮನೆಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತ ಮುದುಕಿಯ ಮೇಲೆ ತಪ್ಪು ಹೊರಿಸಿ ಹಸಿರು ಸೀರೆಯಲ್ಲಿ ಭದ್ರವಾಗಿ ಕೂತೆ.

ಆಮೇಲಿನ ಆಟವನ್ನು ಏನೆಂದು ಹೇಳಲಿ! ನಾನು ಕಂಡ ನನ್ನ ಗಂಡ ಪೊಟ್ಟಣ ಕಟ್ಟುವವರು, ಸ್ಕೂಟರಿಗೆ ಮೂರು ಸಲ ಒದೆಯುವವರು, ಟೀವಿ ಮುಂದೆ ನಿದ್ದೆ ಹೋಗುವವರು. ಪಟ್ಟಿಯ ಮೇಲಿದ್ದ ಮನುಷ್ಯನನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಹೆಜ್ಜೆಯ ಸದ್ದಿಲ್ಲ. ತಾಳ್ಮೆಯಿಂದ ಕಾದು, ಕಾದು, ಇದ್ದಕ್ಕಿದ್ದ ಹಾಗೆ ಎದುರಿಗಿರುತ್ತಿದ್ದರು. ನನಗೆ ಆ ವಯಸ್ಸಿನಲ್ಲಿ ನಾಚಿಕೆಯಾಗುವಷ್ಟು ಅವರು ಇಷ್ಟವಾದರು. ಕನಕಪುರದವರೂ ಕಡಿಮೆಯಿಲ್ಲ. ತಾಕಿದಾಗಲೆಲ್ಲ ಎಡಗೈ ಎತ್ತಿ "ತಾಕ್ತು!" ಎಂದು ಹಾಲು ನಡುಗುವ ಹಾಗೆ ಕೂಗುತ್ತಿದ್ದರು. ಇವರಿಗೆ ತಾಕಿದಾಗ ಬಲೆಯೊಳಗಿಂದ ಮೆಲ್ಲನೆ "ತಾಕ್ತು" ಎಂಬ ಮಾತು ಬರುತ್ತಿತ್ತು. ಬಲಗೈ ಮಾತ್ರ ಸೊಂಟಪಟ್ಟಿ ಬಿಡಲಿಲ್ಲ.

ಒಂಬತ್ತಕ್ಕೆ ಒಂಬತ್ತು. ಇನ್ನೊಂದೇ ಅಂಕ.

ಇಬ್ಬರೂ ಒಟ್ಟಿಗೆ ನುಗ್ಗಿದರು. ಇವರ ಕತ್ತಿಯ ತುದಿ ಕನಕಪುರದವರ ಭುಜಕ್ಕೆ ತಾಕಿ ಅಲಗು ಬಿಲ್ಲಿನ ಹಾಗೆ ಬಾಗಿದ್ದನ್ನು ನಾನು ನೋಡಿದೆ. ಇವರ ದೀಪ ಹತ್ತಲಿಲ್ಲ. ಆಮೇಲೆ ಕನಕಪುರದವರ ತುದಿ ಇವರ ತೊಡೆಗೆ ತಾಕಿತು. ಆ ದೀಪ ಹತ್ತಿತು. ತೀರ್ಪುಗಾರ್ತಿ ಕೈ ತೋರಿಸಿದಳು, ಪಂದ್ಯ ಕನಕಪುರಕ್ಕೆ. ಕನಕಪುರದವರು ಭುಜ ಮುಟ್ಟಿಕೊಂಡು ಏನೋ ಹೇಳಲು ಹೋದರು. ಇವರು ಬೇಡ ಎಂದು ತಲೆಯಾಡಿಸಿದರು.

ನನಗೆ ಕುಂಕುಮ ನೆನಪಾಯಿತು. ಒರೆಸಿದ್ದು ಮೇಲಿನದು ಮಾತ್ರ, ಎಣ್ಣೆಯ ಜೊತೆ ಉಳಿದದ್ದು ಗುಂಡಿಯ ಸಂದಿಗೆ ಇಳಿದು ಮೆತ್ತಿಕೊಂಡಿರಬೇಕು. ನಾನು ಎದ್ದು ನಿಂತೆ. ಕೈ ತಾನಾಗಿ ಮೇಲೆ ಹೋಯಿತು.

"ತಾಕ್ತು!"

ಇನ್ನೂರು ತಲೆ ನನ್ನ ಕಡೆ ತಿರುಗಿದವು. ಎತ್ತಿದ ಕೈ ಇಳಿಸದೆ ಹೇಳಿದೆ. "ತಪ್ಪು ನಂದು. ಅತ್ತೆಯಲ್ಲ, ಕುಂಕುಮ ಇಟ್ಟವಳು ನಾನು. ತುದಿಗೇ ಇಟ್ಟೆ. ಗುಂಡಿ ಕಚ್ಚಿಕೊಂಡಿರಬೇಕು, ದಯವಿಟ್ಟು ನೋಡಿ."

ತೀರ್ಪುಗಾರ್ತಿ ಇವರ ಕತ್ತಿ ತೆಗೆದುಕೊಂಡು ತುದಿಯನ್ನು ಒತ್ತಿದಳು. ದೀಪ ಹತ್ತಲಿಲ್ಲ. ಮತ್ತೆ ಒತ್ತಿದಳು. ಬೆರಳು ಕೆಂಪಾಯಿತು ಅಷ್ಟೆ. ಕತ್ತಿ ಕೆಟ್ಟಿದ್ದರೆ ಎದುರಾಳಿಯ ಆ ಅಂಕ ನಿಲ್ಲುವುದಿಲ್ಲ, ಅದು ನಿಯಮ. "ಮತ್ತೆ ಒಂಬತ್ತಕ್ಕೆ ಒಂಬತ್ತು" ಎಂದಳು. ಬೇರೆ ಕತ್ತಿ ಕೊಡಲು ನೋಡಿದರು, ಅಲ್ಲಿದ್ದವೆಲ್ಲ ಬಲಗೈಯವರ ಹಿಡಿಯವು. ಕೊನೆಗೆ ನನ್ನ ಸೆರಗಿನ ಪಿನ್ನನ್ನೇ ಬಿಚ್ಚಿ ಕೊಟ್ಟೆ. ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡು ನಾನು, ಪಟ್ಟಿಯ ಮೇಲೆ ಮಂಡಿಯೂರಿ ಕೂತು ಗುಂಡಿಯ ಸಂದಿಯಿಂದ ಕುಂಕುಮ ಕೆದಕುತ್ತಿದ್ದ ಇಬ್ಬರು ಚಾಂಪಿಯನ್ನರು. ಇವರು ತಲೆಯೆತ್ತಿ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಕಾಫಿ ಕೊಡ್ತೀನಿ ಬುಡು, ತಾಕ್ತು ಅಂದ್ಯಲ್ಲಾ," ಎಂದರು.

ಗುಂಡಿ ಸರಿಹೋಯಿತು, ದೀಪ ಹತ್ತಿತು. ಮತ್ತೆ ಇಬ್ಬರೂ ಎದುರುಬದುರು ನಿಂತರು. ಈ ಸಲ ಬಹಳ ಹೊತ್ತು ಯಾರೂ ನುಗ್ಗಲಿಲ್ಲ. ತುದಿಗೆ ತುದಿ ಸವರುವ ಸಣ್ಣ ಸದ್ದು ಮಾತ್ರ. ಆಮೇಲೆ ಇವರು ಎದೆಗೆ ಗುರಿಯಿಟ್ಟು ಚಾಚಿದರು. ಕನಕಪುರದವರು, ಆ ದಪ್ಪ ಮನುಷ್ಯ, ಹೇಗೆ ಬಗ್ಗಿದರೋ ದೇವರೇ ಬಲ್ಲ, ಪೂರ್ತಿ ಕೆಳಗಿಳಿದು ಇವರ ಪಾದದ ತುದಿಗೆ ತಾಕಿಸಿದರು. ಒಂದೇ ದೀಪ. ಅವರದು.

ಇವರು ಎಡಗೈಯಲ್ಲಿ ಬಲೆ ತೆಗೆದರು. ಮುಖದ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಬಾಯ್ತುಂಬ ನಗು. ಸೊಂಟಪಟ್ಟಿಯಿಂದ ಬಲಗೈ ಹೊರಗೆ ಬಂತು. ಮೇಲೆ, ತಲೆಯಿಂದ ಮೇಲೆ, ಇನ್ನೂ ಮೇಲೆ ಹೋಯಿತು. ಮಡಚದ ಎರಡು ಬೆರಳು ಎಲ್ಲರಿಗೂ ಕಾಣುವ ಹಾಗೆ ನೆಟ್ಟಗಿದ್ದವು.

"ತಾಕ್ತು!" ಎಂದು ಕೂಗಿದರು. ನನ್ನನ್ನು ಮದುವೆಯಾದಾಗಿನಿಂದ ಅವರು ಅಷ್ಟು ಜೋರಾಗಿ ಏನನ್ನೂ ಕೂಗಿರಲಿಲ್ಲ.

ಕನಕಪುರದವರು ಓಡಿಬಂದು ಆ ಕೈಯನ್ನೇ ಹಿಡಿದು ಕುಲುಕಿದರು. ಯಾರೂ ಕತೆ ಕೇಳಲಿಲ್ಲ. ಚಪ್ಪಾಳೆಯಲ್ಲಿ ಕೇಳಿದ್ದರೂ ಕೇಳಿಸುತ್ತಿರಲಿಲ್ಲ. ನಾನು ಸೆರಗು ಬಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟುತ್ತಿದ್ದೆ, ಅಳುತ್ತಲೂ ಇದ್ದೆ.

"ಮುಂದ್ಲೊರ್ಸ ಬತ್ತೀಯೇನ್ಲಾ?" ಎಂದರು ಕನಕಪುರದವರು.

"ಬತ್ತೀನಿ ಕಣ್ಲಾ. ನೀನು ಮೊದ್ಲು ಬಾಗ್ಲಲ್ಲಿ ನಮ್ಮನೆಯವಳ ಪರ್ಸು ಚೆಕ್ ಮಾಡ್ಸು."

ಮನೆಗೆ ಬಂದು ಎಲ್ಲವನ್ನೂ ಒಪ್ಪಿಸಿದೆ. ಅತ್ತೆ ಸೋಲಿನ ಸುದ್ದಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ನನ್ನನ್ನೇ ದುರುಗುಟ್ಟಿ ನೋಡಿದರು. "ತುದಿಗ್ಯಾರವ್ವ ಇಕ್ಕಾರು? ಇಪ್ಪತ್ತೈದು ವರ್ಸದಿಂದ ನಾನು ಇಕ್ತಾ ಇರೋದು ಹಿಡಿ ಬುಡುಕ್ಕೆ. ಒಂದಿನಾರ ಬಂದು ನೋಡಿದ್ರೆ ತಾನೇ ಗೊತ್ತಾಗದು!" ನಾನು ಮತ್ತೊಮ್ಮೆ ಕೈ ಎತ್ತಬೇಕಾಯಿತು.

ಆ ವರ್ಷದ ಆಯುಧಪೂಜೆಗೆ ಅತ್ತೆ ಕುಂಕುಮದ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಇವರು ಪೇಟೆಗೆ ಹೋಗಲಿಲ್ಲ, ಅಂಗಡಿಯಲ್ಲೇ ನಿಂತಿದ್ದರು. ತಕ್ಕಡಿಗೆ ಇಟ್ಟೆ, ಕತ್ತರಿಗೆ ಇಟ್ಟೆ, ಕತ್ತಿಯ ಹಿಡಿಯ ಬುಡದಲ್ಲಿ, ಮೂರು ಬಳೆಗಳ ಪಕ್ಕದಲ್ಲಿ ಇಟ್ಟೆ. ಆಮೇಲೆ ಅವರ ಮುಂದೆ ನಿಂತು ಕೈ ಚಾಚಿದೆ. ಅವರಿಗೆ ಅರ್ಥವಾಯಿತು. ಜೇಬಿನಿಂದ ಬಲಗೈ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ನೆಟ್ಟಗೆ ನಿಂತ ಎರಡೂ ಬೆರಳಿಗೆ ದಪ್ಪವಾಗಿ, ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟೆ.

ಅಭ್ಯಾಸಬಲಕ್ಕೆ ಕೈಯನ್ನು ಜೇಬಿಗೆ ಇಳಿಸಲು ಹೋದರು. ಹಬ್ಬಕ್ಕೆ ತಂದ ಬಿಳಿ ಪ್ಯಾಂಟು. ಬೆರಳು ನೋಡಿದರು, ಪ್ಯಾಂಟು ನೋಡಿದರು, ನನ್ನ ಮುಖ ನೋಡಿದರು. ಆ ದಿನ ಸಂಜೆ ಅಂಗಡಿ ಮುಚ್ಚುವವರೆಗೂ ಆ ಕೈ ಗಲ್ಲಾಪೆಟ್ಟಿಗೆಯ ಮೇಲೇ ಇತ್ತು. ಬಂದ ಗಿರಾಕಿಗಳು ನೋಡಿದರು, ಕೇಳಿದವರಿಗೆ ಅವರು ಕತೆ ಹೇಳಿದರು.